ಮಂಚನಬೆಲೆಯ ಹುಡುಗ ಮತ್ತು ಜೋಳಿಗೆಯ ಪುಸ್ತಕಗಳು

ವೀಕೆಂಡ್‌ನಲ್ಲಿ ಬೈಕ್ ಹತ್ತಿ, ದೊಡ್ಡ ಆಲದಮರ ದಾಟಿ ಮಂಚನಬೆಲೆ ಡ್ಯಾಮ್ ಕಡೆ ಹೋದವರು ನಿಮ್ಮಲ್ಲಿ ತುಂಬ ಜನ ಇರ್ತೀರಿ. ಅರ್ಕಾವತಿ ನೀರು, ಸುತ್ತ ಬಂಡೆಗುಡ್ಡ, ನಾಲ್ಕು ಫೋಟೊ. ಇವತ್ತು ಮಾಗಡಿ ತಾಲ್ಲೂಕಿನ ಅದೇ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಒಬ್ಬ ಹುಡುಗನ ಕಥೆ ಕೇಳೋಣ.

ಹುಡುಗನ ಹೆಸರು ಸಿದ್ದಲಿಂಗಯ್ಯ. ಅವರ ಆತ್ಮಕಥೆ 'ಊರುಕೇರಿ'ಯ ಶುರುವಿನಲ್ಲೇ ಒಂದು ದೃಶ್ಯ ಬರುತ್ತೆ. ಹೊಲದಲ್ಲಿ ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗ ಹೊತ್ತಿದ್ದಾರೆ, ಮೂರನೆಯವನು ಹಿಂದಿನಿಂದ ಉಳ್ತಿದ್ದಾನೆ. ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಒಬ್ಬರು ಈ ಹುಡುಗನ ಅಪ್ಪ.

ಇಂಥ ಬದುಕು ಆಗಿನ ಕನ್ನಡ ಪುಸ್ತಕಗಳಲ್ಲಿ ಎಷ್ಟಿತ್ತು? 1973ರ ನವೆಂಬರ್‌ನಲ್ಲಿ, ದೇವರಾಜ ಅರಸು ಸರ್ಕಾರದ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಮಾತಾಡ್ತಾ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು 'ಬೂಸಾ' ಅಂದರು. ದನಕ್ಕೆ ಹಾಕೋ ಬೂಸಾ! ರಾಜ್ಯವೇ ಹೊತ್ತಿ ಉರೀತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಕುರ್ಚಿ ಬಿಡಬೇಕಾಯ್ತು. ಆದರೆ ಅವರು ಎತ್ತಿದ ಪ್ರಶ್ನೆ ಎಲ್ಲೂ ಹೋಗಲಿಲ್ಲ.

1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಸಿದ್ದಲಿಂಗಯ್ಯ ಅವರಿಗೆ ಆಗ ಬರೀ 21 ವರ್ಷ. ಬೈಗುಳದ ಹಾಗೆ ಬಳಕೆಯಲ್ಲಿದ್ದ ಜಾತಿಯ ಹೆಸರುಗಳು ಕವನ ಸಂಕಲನದ ಮುಖಪುಟದ ಮೇಲೆ ತಲೆಯೆತ್ತಿ ನಿಂತವು. ತೆಳ್ಳನೆಯ ಪುಸ್ತಕ. ಆದರೆ ಅದರ ಹಾಡುಗಳು ಮೆರವಣಿಗೆಯಲ್ಲಿ, ಜಾಥಾದಲ್ಲಿ, ಹಾಸ್ಟೆಲ್ ಅಂಗಳದಲ್ಲಿ ತಮಟೆ ಜೊತೆ ಊರೂರು ಸುತ್ತಿದವು. ಅಕ್ಷರ ಬಾರದವರಿಗೂ ಅವು ಬಾಯಿಪಾಠವಾಗಿದ್ದವು.

ಅದೇ ಕಾಲಕ್ಕೆ ಸಣ್ಣ ಪತ್ರಿಕೆಗಳೂ ಹುಟ್ಟಿದವು. ಬೆಂಗಳೂರಿನಲ್ಲಿ 'ಶೂದ್ರ', ಮೈಸೂರಿನಲ್ಲಿ 'ಪಂಚಮ'. ಮೊಳೆ ಜೋಡಿಸಿ ಅಚ್ಚು ಹಾಕೋ ಕಾಲ ಅದು. ಗೆಳೆಯರು ಕೈಯಿಂದ ಹಣ ಹಾಕಿ ಪ್ರಿಂಟ್ ಮಾಡಿಸೋದು, ಹೆಗಲಿಗೆ ಜೋಳಿಗೆ ಹಾಕ್ಕೊಂಡು ಸಭೆಯಲ್ಲಿ ಮಾರೋದು. ಅಂಗಡಿ, ಏಜೆಂಟು ಎಲ್ಲ ಆ ಜೋಳಿಗೆನೇ.

ಇದರ ಹಿಂದೆ ಒಂದು ಹಳೇ ದಾರಿ ಇದೆ. 1936ರಲ್ಲಿ ಲಾಹೋರಿನ ಒಂದು ಸಂಘ ಅಂಬೇಡ್ಕರ್ ಅವರನ್ನು ಭಾಷಣಕ್ಕೆ ಕರೆದು, ಬರಹ ನೋಡಿ ಹಿಂದೆ ಸರೀತು. ಅಂಬೇಡ್ಕರ್ ಏನು ಮಾಡಿದರು? ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಎಲ್ಲ ಖಾಲಿ! ಅದೇ 'ಜಾತಿ ವಿನಾಶ'. ವೇದಿಕೆ ಕಿತ್ತುಕೊಂಡರೂ ಪುಸ್ತಕ ಕಿತ್ತುಕೊಳ್ಳೋಕೆ ಆಗಲಿಲ್ಲ.

ಈಗ ಜೋಳಿಗೆ ಜಾಗಕ್ಕೆ ಯುಪಿಐ, ಕೊರಿಯರ್ ಬಂದಿವೆ. ಕಷ್ಟ ಮಾತ್ರ ಹೋಗಿಲ್ಲ. ಕನ್ನಡದಲ್ಲಿ ಒಂದು ಪುಸ್ತಕ 1,000 ಪ್ರತಿ ಅಚ್ಚಾದ್ರೆ ಅದೇ ದೊಡ್ಡದು. ಗ್ರಂಥಾಲಯ ಇಲಾಖೆಯ ಖರೀದಿ ತಡವಾದರೆ ಸಣ್ಣ ಪ್ರಕಾಶಕರ ಮುಂದಿನ ಪುಸ್ತಕ ಅಲ್ಲೇ ನಿಲ್ಲುತ್ತೆ. ಹಾಗಂತ ದಾರಿ ಮುಚ್ಚಿಲ್ಲ. 2022ರಲ್ಲಿ ದೇವನೂರ ಮಹಾದೇವ ತಮ್ಮ ಒಂದು ಕಿರುಪುಸ್ತಕವನ್ನು ಒಬ್ಬರಿಗೇ ಕೊಡದೆ ಹಲವು ಸಣ್ಣ ಪ್ರಕಾಶಕರಿಗೆ ಒಟ್ಟಿಗೇ ಕೊಟ್ಟರು. ಬೆಲೆ ಬರೀ 40 ರೂಪಾಯಿ. ಅದರ ವಾದ ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು, ಓದಿದವರಂತೂ ಲೆಕ್ಕವಿಲ್ಲ.

ಸಿದ್ದಲಿಂಗಯ್ಯ 2021ರ ಜೂನ್ 11ರಂದು ಕೋವಿಡ್‌ನಿಂದ ತೀರಿಕೊಂಡರು. ಅವರ ಪುಸ್ತಕಗಳು ಸಿಗ್ತವೆ. ಆದರೆ ಆ ಜೋಳಿಗೆಗಳಲ್ಲಿ ಓಡಾಡಿದ ಪಾಂಪ್ಲೆಟ್‌ಗಳು, ಸ್ಟೇಪಲ್ ಹೊಡೆದ ಹಾಡಿನ ಪುಸ್ತಕಗಳು? ಅವಕ್ಕೆ ಎರಡನೇ ಮುದ್ರಣ ಆಗೋದು ಅಪರೂಪ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರೇ, ಊರಿಗೆ ಹೋದಾಗ ತಾತನ ಟ್ರಂಕ್, ಅಟ್ಟದ ಮೇಲಿನ ಗಂಟು ಒಂದ್ಸಲ ಬಿಚ್ಚಿ ನೋಡಿ. ಹಳೇ ಪುಸ್ತಕ ಸಿಕ್ಕಿದ್ರೆ ತೂಕಕ್ಕೆ ಹಾಕಬೇಡಿ. ಪುಟಪುಟವೂ ಫೋಟೊ ತೆಗೆದಿಡಿ. ನಿಮ್ಮೂರಿನ ಚರಿತ್ರೆಗೆ ಉಳಿದಿರೋ ಕೊನೇ ಪ್ರತಿ ಅದೇ ಇರಬಹುದು.

ಮತ್ತೆ ಸಿಗೋಣ.