ದೂರ ಪ್ರಯಾಣದ ಮೋಟಾರು ಸೈಕಲ್ ಹಿಂಬದಿಯಿಂದ ಸ್ಪಷ್ಟವಾಗಿ ಕಾಣಿಸುವಂತೆ ಮಾಡುವುದು: ಮಾಲೀಕರು ಹಾಗೂ ಸವಾರರಿಗೆ ಮಾಹಿತಿ

ಮಂಗಳೂರು ನಗರದಿಂದ ಶಿರಾಡಿ, ಚಾರ್ಮಾಡಿ ಘಾಟಿಗಳ ಮಾರ್ಗವಾಗಿ ಹಾಗೂ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೋಟಾರು ಸೈಕಲ್‌ಗಳಲ್ಲಿ ದೂರ ಪ್ರಯಾಣ ಕೈಗೊಳ್ಳುವವರು ಹಾಗೂ ವಾಹನದ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವಿಷಯದ ಮಹತ್ವ

ಕಾರು, ಬಸ್ಸು, ಲಾರಿಗಳ ಹಿಂಬದಿಯಲ್ಲಿ ಎರಡು ಕೆಂಪು ದೀಪಗಳಿರುತ್ತವೆ. ಮೋಟಾರು ಸೈಕಲ್‌ಗೆ ಸಾಮಾನ್ಯವಾಗಿ ಇರುವುದು ಒಂದೇ ದೀಪ. ಅದು ಆರಿದರೆ ಅಥವಾ ಮರೆಯಾದರೆ, ಹಿಂದಿನಿಂದ ಬರುವ ಚಾಲಕರಿಗೆ ರಾತ್ರಿಯಲ್ಲಿ ವಾಹನವು ಕಾಣಿಸುವುದೇ ಕಷ್ಟ. ಸವಾರರಿಗೆ ತಮ್ಮ ವಾಹನದ ಹಿಂಬದಿ ಕಾಣಿಸದ ಕಾರಣ ಈ ದೋಷವು ಅವರ ಗಮನಕ್ಕೆ ಬರುವುದಿಲ್ಲ.

ಗಂಟೆಗೆ 80 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುತ್ತದೆ. ರಸ್ತೆಯಲ್ಲಿ ನಿಂತಿರುವ ಮೋಟಾರು ಸೈಕಲ್ 155 ಮೀಟರ್ ದೂರದಿಂದ ಕಾಣಿಸಿದರೆ ಹಿಂದಿನ ಚಾಲಕರಿಗೆ ಸುಮಾರು 7 ಸೆಕೆಂಡು ಕಾಲಾವಕಾಶ ದೊರೆಯುತ್ತದೆ. 40 ಮೀಟರ್ ದೂರದಲ್ಲಿ ಕಾಣಿಸಿದರೆ 2 ಸೆಕೆಂಡಿಗೂ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಘಾಟಿಯ ಮಂಜಿನಲ್ಲಿ ಹಾಗೂ ಪಣಂಬೂರಿನ ಬಂದರಿಗೆ ಹೋಗಿ ಬರುವ ಭಾರಿ ವಾಹನಗಳ ನಡುವೆ ಈ ಅಂತರವೇ ಜೀವರಕ್ಷಕವಾಗುತ್ತದೆ.

ಅನ್ವಯವಾಗುವ ನಿಯಮಗಳು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ:

1. ನಿಯಮ 104: ಹಿಂಬದಿಯಲ್ಲಿ ಕೆಂಪು ಪ್ರತಿಫಲಕ (ರಿಫ್ಲೆಕ್ಟರ್) ಇರತಕ್ಕದ್ದು.
2. ನಿಯಮ 105: ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರ ಹಾಗೂ ಸಾಕಷ್ಟು ಬೆಳಕಿಲ್ಲದ ಯಾವುದೇ ಸಮಯದಲ್ಲಿ ದೀಪಗಳು ಉರಿಯುತ್ತಿರಬೇಕು. ಹಿಂಬದಿಯ ಕೆಂಪು ದೀಪವು 155 ಮೀಟರ್ ದೂರದಿಂದ ಕಾಣಿಸತಕ್ಕದ್ದು. ನೋಂದಣಿ ಸಂಖ್ಯೆಯು ಬಿಳಿ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದಲು ಸಾಧ್ಯವಾಗತಕ್ಕದ್ದು. ಹಗಲಿನ ದಟ್ಟ ಮಂಜು ಹಾಗೂ ಬಿರುಮಳೆಗೂ ಈ ನಿಯಮವು ಅನ್ವಯಿಸುತ್ತದೆ.
3. ನಿಯಮ 108: ಇಂಡಿಕೇಟರ್ ದೀಪ, ನೋಂದಣಿ ಫಲಕದ ದೀಪ ಮುಂತಾದ ವಿನಾಯಿತಿಗಳನ್ನು ಹೊರತುಪಡಿಸಿ, ಹಿಂದಕ್ಕೆ ಕೆಂಪಲ್ಲದ ಬಣ್ಣದ ಬೆಳಕನ್ನು ತೋರಿಸುವಂತಿಲ್ಲ.

2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಮುಂದೀಪ ತಾನಾಗಿಯೇ ಉರಿಯುವ ವ್ಯವಸ್ಥೆ ಕಡ್ಡಾಯವಾಗಿದೆ. ಮುಂದೀಪ ಉರಿಯುತ್ತಿದೆ ಎಂಬ ಮಾತ್ರಕ್ಕೆ ಹಿಂಬದಿ ದೀಪವೂ ಸರಿಯಾಗಿದೆ ಎಂದು ಭಾವಿಸಬಾರದು.

ಸವಾರರು ಕೈಗೊಳ್ಳಬೇಕಾದ ಕ್ರಮಗಳು

1. ದೀಪದ ಪರೀಕ್ಷೆ: ಅನೇಕ ಮೋಟಾರು ಸೈಕಲ್‌ಗಳ ಹಿಂಬದಿ ಬಲ್ಬಿನಲ್ಲಿ ಎರಡು ತಂತುಗಳಿರುತ್ತವೆ. 5 ವ್ಯಾಟ್‌ನ ತಂತುವು ಹಿಂಬದಿ ದೀಪಕ್ಕೂ, 21 ವ್ಯಾಟ್‌ನ ತಂತುವು ಬ್ರೇಕ್ ದೀಪಕ್ಕೂ ಬಳಕೆಯಾಗುತ್ತದೆ. ಒಂದು ಸುಟ್ಟುಹೋದರೂ ಇನ್ನೊಂದು ಉರಿಯಬಹುದು. ಆದುದರಿಂದ ಬ್ರೇಕ್ ಒತ್ತದೆ ಒಮ್ಮೆ, ಕೈ ಬ್ರೇಕ್ ಹಾಗೂ ಕಾಲು ಬ್ರೇಕ್‌ಗಳನ್ನು ಪ್ರತ್ಯೇಕವಾಗಿ ಒತ್ತಿ ಮತ್ತೆರಡು ಬಾರಿ ಪರೀಕ್ಷಿಸಬೇಕು. ಬಲ್ಬು ಬದಲಾಯಿಸಬಹುದಾದ ವಾಹನಗಳಲ್ಲಿ ಒಂದು ಬದಲಿ ಬಲ್ಬನ್ನು ಜೊತೆಯಲ್ಲಿ ಇರಿಸಿಕೊಳ್ಳುವುದು ಸೂಕ್ತ.

2. ಸಾಮಾನು ಕಟ್ಟುವುದು: ಎಲ್ಲ ಸಾಮಾನು ಕಟ್ಟಿದ ಬಳಿಕ 15 ಹೆಜ್ಜೆ ಹಿಂದೆ ಸರಿದು, ಕಾರಿನ ಚಾಲಕರ ಕಣ್ಣಿನ ಎತ್ತರದಿಂದ ವಾಹನವನ್ನು ನೋಡಬೇಕು. ಹಿಂಬದಿ ದೀಪ, ಎರಡೂ ಇಂಡಿಕೇಟರ್, ಪ್ರತಿಫಲಕ ಹಾಗೂ ನೋಂದಣಿ ಫಲಕ ಪೂರ್ಣವಾಗಿ ಕಾಣಿಸಬೇಕು. ಪಕ್ಕದ ಚೀಲಗಳು ಇಂಡಿಕೇಟರನ್ನೂ, ಜೋತುಬಿದ್ದ ಪ್ಲಾಸ್ಟಿಕ್ ಹೊದಿಕೆಯು ದೀಪವನ್ನೂ ಮರೆಮಾಡದಂತೆ ಎಚ್ಚರ ವಹಿಸಬೇಕು.

3. ಪ್ರತಿಫಲಿಸುವ ಪಟ್ಟಿ: ಪೆಟ್ಟಿಗೆ ಹಾಗೂ ಚೀಲಗಳ ಹಿಂಭಾಗಕ್ಕೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಬಹುದು. ಇದು ಹಿಂದಿನ ವಾಹನದ ಬೆಳಕನ್ನು ಅದೇ ದಿಕ್ಕಿಗೆ ಮರಳಿಸುವುದರಿಂದ ಬ್ಯಾಟರಿಯ ಅಗತ್ಯವಿಲ್ಲ. ಎಂಜಿನ್ ನಿಲ್ಲಿಸಿ ರಸ್ತೆ ಬದಿಯಲ್ಲಿ ನಿಂತಾಗ ದೀಪ ಆರಿದ್ದರೂ ಪಟ್ಟಿಯು ಕಾಣಿಸುತ್ತದೆ. ಎರಡು ಪಕ್ಕಗಳಲ್ಲಿಯೂ ಪಟ್ಟಿ ಇದ್ದಲ್ಲಿ ವಾಹನದ ಅಗಲವು ತಿಳಿಯುತ್ತದೆ.

4. ಉಡುಪು: ಪ್ರತಿಫಲಿಸುವ ಜಾಕೆಟ್‌ನ ಮೇಲೆ ಕಪ್ಪು ಮಳೆಕೋಟು ಧರಿಸಿದರೆ ಅದರ ಪ್ರಯೋಜನ ಇಲ್ಲವಾಗುತ್ತದೆ. ಪಟ್ಟಿಯು ಎಲ್ಲಕ್ಕಿಂತ ಹೊರಗಿನ ಉಡುಪಿನ ಮೇಲೆ ಇರಬೇಕು. ಹಿಂಬದಿ ಸವಾರರಿದ್ದಲ್ಲಿ ಅವರ ಬೆನ್ನೇ ಕಾಣಿಸುವುದರಿಂದ ಪಟ್ಟಿಯುಳ್ಳ ಉಡುಪನ್ನು ಅವರು ಧರಿಸುವುದು ಅಗತ್ಯ.

5. ಶುಚಿತ್ವ: ಕೆಸರು ಮೆತ್ತಿದ ಪ್ರತಿಫಲಕವು ಬೆಳಕನ್ನು ಮರಳಿಸುವುದಿಲ್ಲ. ಮಳೆಗಾಲದಲ್ಲಿ ಪ್ರತಿ ನಿಲುಗಡೆಯಲ್ಲಿಯೂ ದೀಪ ಹಾಗೂ ಪ್ರತಿಫಲಕವನ್ನು ಬಟ್ಟೆಯಿಂದ ಒರೆಸಬೇಕು.

ಮಾಡಬಾರದ ಬದಲಾವಣೆಗಳು

1. ಹಿಂಬದಿ ದೀಪಕ್ಕೆ ಕಪ್ಪು ಬಣ್ಣ ಬಳಿಯುವುದು ಅಥವಾ ಕಪ್ಪು ಹಾಳೆ ಅಂಟಿಸುವುದು.
2. ಹಿಂಬದಿ ಮಡ್‌ಗಾರ್ಡ್ ಕತ್ತರಿಸಿ ಪ್ರತಿಫಲಕವನ್ನು ತೆಗೆದುಹಾಕುವುದು.
3. ಹಿಂದಕ್ಕೆ ನೀಲಿ, ಹಸಿರು ಅಥವಾ ಬಿಳಿ ಬೆಳಕು ಬೀರುವ ಎಲ್‌ಇಡಿ ದೀಪಗಳನ್ನು ಅಳವಡಿಸುವುದು.
4. ನೋಂದಣಿ ಫಲಕವನ್ನು ಮಡಚುವುದು ಅಥವಾ ಮರೆಮಾಡುವುದು.

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಮೇರೆಗೆ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ಮೂಲಕ ಪರಿಷ್ಕರಿಸಲಾದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದೆ ಬಿಡಿಭಾಗ ಅಳವಡಿಸಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹೆಚ್ಚುವರಿ ದೀಪಗಳನ್ನು ವಾಹನದ ವಿದ್ಯುತ್ ತಂತಿಗೆ ಜೋಡಿಸುವ ಮುನ್ನ ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸತಕ್ಕದ್ದು. ಚೀಲಕ್ಕೆ ಅಥವಾ ಉಡುಪಿಗೆ ಪ್ರತಿಫಲಕ ಪಟ್ಟಿ ಅಂಟಿಸುವುದರಿಂದ ನೋಂದಣಿ ಪತ್ರದ ವಿವರಗಳು ಬದಲಾಗುವುದಿಲ್ಲ.

ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರಿಗೆ

ಖಾಸಗಿ ಮೋಟಾರು ಸೈಕಲ್‌ನ ನೋಂದಣಿಯು 15 ವರ್ಷಗಳ ಅವಧಿಗೆ ಊರ್ಜಿತವಾಗಿದ್ದು, ನಂತರ 5 ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿಯನ್ನು ನಿಗದಿತ ಶುಲ್ಕದೊಂದಿಗೆ ಸಲ್ಲಿಸಬೇಕು. ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮುನ್ನ ಹಿಂಬದಿ ದೀಪ, ಬ್ರೇಕ್ ದೀಪ, ಇಂಡಿಕೇಟರ್, ಪ್ರತಿಫಲಕ ಹಾಗೂ ನೋಂದಣಿ ಫಲಕದ ದೀಪವನ್ನು ಸರಿಪಡಿಸಿಕೊಂಡಲ್ಲಿ ಮತ್ತೊಮ್ಮೆ ಬರಬೇಕಾದ ಪ್ರಮೇಯ ಒದಗುವುದಿಲ್ಲ.

ಹೆಚ್ಚಿನ ಮಾಹಿತಿಗಾಗಿ ತಮ್ಮ ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಛೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.