ಹಬ್ಬದ ಊರಿನಲ್ಲಿ ರೋಗಿಯ ನಿದ್ದೆ: ಶಬ್ದ ಮಾಲಿನ್ಯದ ನಿಯಮಗಳನ್ನು ಬಳಸಿಕೊಳ್ಳುವುದು ಹೇಗೆ?

ಪುಣೆ ಜಿಲ್ಲೆಯ ಜೇಜುರಿ ಖಂಡೋಬನ ಕ್ಷೇತ್ರ. ಕನ್ನಡಿಗರು ಮೈಲಾರ, ಮಲ್ಲಯ್ಯ ಎಂದು ಕರೆಯುವ ದೈವವೂ ಇದೇ ಆದ್ದರಿಂದ ಕರ್ನಾಟಕದಿಂದಲೂ ಭಕ್ತರು ಇಲ್ಲಿಗೆ ಹೋಗುತ್ತಾರೆ. ಸೋಮವತಿ ಅಮಾವಾಸ್ಯೆ, ಚಂಪಾಷಷ್ಠಿಯಂದು ಊರು ಜನರಿಂದ ತುಂಬುತ್ತದೆ. ದಸರೆಯ ಪಲ್ಲಕ್ಕಿ ಉತ್ಸವ ರಾತ್ರಿಯಿಡೀ ನಡೆಯುತ್ತದೆ. ಅದೇ ಬೀದಿಗಳ ಮನೆಗಳಲ್ಲಿ ಹೃದ್ರೋಗಿಗಳು, ಬಾಣಂತಿಯರು, ಮರೆವಿನ ಕಾಯಿಲೆಯ ಹಿರಿಯರೂ ಇರುತ್ತಾರೆ. ನಿಮ್ಮ ಊರಿನ ಜಾತ್ರೆಯಲ್ಲೂ ಪರಿಸ್ಥಿತಿ ಹೀಗೇ ಇರಬಹುದು. ಹಬ್ಬವನ್ನು ನಿಲ್ಲಿಸದೆಯೇ ರೋಗಿಗೆ ನಿದ್ದೆ ಸಿಗುವಂತೆ ಮಾಡಲು ಕಾನೂನಿನಲ್ಲಿ ದಾರಿಯಿದೆ.

ಶಬ್ದ ದೇಹಕ್ಕೆ ಏನು ಮಾಡುತ್ತದೆ?

ನಿದ್ದೆಯಲ್ಲಿದ್ದರೂ ಕಿವಿ ಕೆಲಸ ನಿಲ್ಲಿಸುವುದಿಲ್ಲ. ಜೋರು ಶಬ್ದಕ್ಕೆ ದೇಹ ಅಪಾಯ ಬಂದಂತೆ ಪ್ರತಿಕ್ರಿಯಿಸುತ್ತದೆ: ಒತ್ತಡದ ಹಾರ್ಮೋನುಗಳು ಏರುತ್ತವೆ, ಎದೆಬಡಿತ ಮತ್ತು ರಕ್ತದೊತ್ತಡ ಹೆಚ್ಚುತ್ತವೆ. ವರ್ಷಗಟ್ಟಲೆ ಶಬ್ದದ ನಡುವೆ ಬದುಕುವವರಲ್ಲಿ ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ.

ಕಿವಿಯ ಒಳಭಾಗದಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಶಬ್ದವನ್ನು ಅಳೆಯುವ ಮಾನ ಡೆಸಿಬಲ್. 10 ಡೆಸಿಬಲ್ ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಆದ್ದರಿಂದ 65ಕ್ಕೂ 75ಕ್ಕೂ ನಡುವಿನ ಅಂತರ ಚಿಕ್ಕದಲ್ಲ.

ನಿಯಮ ಏನು ಹೇಳುತ್ತದೆ?

ಭಾರತದಲ್ಲಿ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು 2000ರಲ್ಲಿ ಜಾರಿಗೆ ಬಂದವು. ಹಗಲು ಎಂದರೆ ಬೆಳಿಗ್ಗೆ 6ರಿಂದ ರಾತ್ರಿ 10, ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಅನುಮತಿಸಿದ ಸರಾಸರಿ ಮಟ್ಟ ಹೀಗಿದೆ:

• ಕೈಗಾರಿಕಾ ಪ್ರದೇಶ: ಹಗಲು 75, ರಾತ್ರಿ 70 ಡೆಸಿಬಲ್
• ವಾಣಿಜ್ಯ ಪ್ರದೇಶ: ಹಗಲು 65, ರಾತ್ರಿ 55
• ವಸತಿ ಪ್ರದೇಶ: ಹಗಲು 55, ರಾತ್ರಿ 45
• ನಿಶ್ಶಬ್ದ ವಲಯ: ಹಗಲು 50, ರಾತ್ರಿ 40

ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಅದನ್ನು ಬಳಸುವಂತಿಲ್ಲ. ಸಾಂಸ್ಕೃತಿಕ ಅಥವಾ ಧಾರ್ಮಿಕ ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. 12ರ ನಂತರ ಈ ವಿನಾಯಿತಿಯೂ ಇಲ್ಲ.

ಆಸ್ಪತ್ರೆಯ ಸುತ್ತ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಆದರೆ 2017ರ ತಿದ್ದುಪಡಿಯ ನಂತರ, ರಾಜ್ಯ ಸರ್ಕಾರ ಘೋಷಿಸಿದರೆ ಮಾತ್ರ ಅದು ನಿಶ್ಶಬ್ದ ವಲಯ. ನಿಮ್ಮ ಆಸ್ಪತ್ರೆಯ ಸುತ್ತಲಿನ ಜಾಗ ಘೋಷಿತವಾಗಿದೆಯೇ ಎಂದು ಆಡಳಿತ ಮಂಡಳಿಯನ್ನು ವಿಚಾರಿಸಿ.

ನಿಯಮವಿದ್ದರೂ ಪಾಲನೆ ಏಕೆ ಕಷ್ಟ?

ಬಹುತೇಕ ಅಭಿವೃದ್ಧಿಶೀಲ ದೇಶಗಳ ತೊಂದರೆ ಒಂದೇ ಬಗೆಯದು. ಒಂದೇ ಬೀದಿಯಲ್ಲಿ ಮನೆ, ಅಂಗಡಿ, ದೇವಸ್ಥಾನ, ನರ್ಸಿಂಗ್ ಹೋಮ್ ಎಲ್ಲ ಇರುತ್ತವೆ. ಅದು ವಸತಿ ಪ್ರದೇಶವೋ ವಾಣಿಜ್ಯ ಪ್ರದೇಶವೋ ಎಂಬುದೇ ಸ್ಪಷ್ಟವಿರುವುದಿಲ್ಲ. ಅಳೆಯುವ ವ್ಯವಸ್ಥೆಯೂ ಕಡಿಮೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಶಬ್ದ ಮಾಪನ ಜಾಲವನ್ನು ಆರಂಭಿಸಿದ್ದು ಬೆಂಗಳೂರು, ಮುಂಬೈ ಸೇರಿದಂತೆ ಏಳು ಮಹಾನಗರಗಳಲ್ಲಿ. ಸಣ್ಣ ಊರಿನಲ್ಲಿ ಹಬ್ಬದ ದಿನ ಪೊಲೀಸರು ಜನಸಂದಣಿ ನಿಭಾಯಿಸುವುದರಲ್ಲೇ ಮುಳುಗಿರುತ್ತಾರೆ. ಹೀಗಾಗಿ ಆ ರಾತ್ರಿಯ ದೂರಿಗಿಂತ ಹಬ್ಬಕ್ಕೆ ಮೊದಲೇ ಕೊಟ್ಟ ಮನವಿ ಹೆಚ್ಚು ಕೆಲಸ ಮಾಡುತ್ತದೆ.

ಮೌನ ಹಬ್ಬಕ್ಕೆ ವಿರುದ್ಧವೇನಲ್ಲ. ಘಾನಾ ದೇಶದ ಅಕ್ರಾ ನಗರದಲ್ಲಿ ಗಾ ಸಮುದಾಯದವರು ಹೊಮೋವೊ ಎಂಬ ಸುಗ್ಗಿ ಹಬ್ಬಕ್ಕೆ ಮೊದಲು ಕೆಲವು ವಾರ ಡೋಲು ಬಡಿಯುವುದನ್ನೇ ನಿಲ್ಲಿಸುತ್ತಾರೆ. ಅಲ್ಲಿ ಅದು ಸಂಪ್ರದಾಯವೇ ಆಗಿದೆ.

ನೀವು ಏನು ಮಾಡಬಹುದು?

1. ಒಂದು ವಾರ ಮೊದಲೇ ಉತ್ಸವ ಸಮಿತಿಯವರನ್ನು ಭೇಟಿಯಾಗಿ. ಮನೆಯಲ್ಲಿ ರೋಗಿ ಇದ್ದಾರೆಂದು ತಿಳಿಸಿ, ಧ್ವನಿವರ್ಧಕದ ಮುಖವನ್ನು ಬೇರೆಡೆಗೆ ತಿರುಗಿಸಲು ಅಥವಾ ದೂರ ಇಡಲು ಕೇಳಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ.
2. ಪೊಲೀಸ್ ಠಾಣೆಗೂ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯರ ಚೀಟಿಯ ಪ್ರತಿ ಲಗತ್ತಿಸಿದರೆ ಒಳ್ಳೆಯದು.
3. ಶಬ್ದ ಮಿತಿ ಮೀರಿದರೆ 112ಕ್ಕೆ ಕರೆ ಮಾಡಿ. ಸ್ಥಳ, ಸಮಯ, ಶಬ್ದದ ಮೂಲವನ್ನು ಬರೆದಿಟ್ಟುಕೊಳ್ಳಿ. ಮೊಬೈಲ್ ಆ್ಯಪ್‌ನ ಅಳತೆ ಅಂದಾಜಿಗೆ ಸಾಕು, ಅಧಿಕೃತ ಮಾಪನಕ್ಕೆ ಬದಲಿಯಲ್ಲ.
4. ಮಟ್ಟ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದ್ದರೆ, ಅಥವಾ ರಾತ್ರಿಯ ನಿರ್ಬಂಧ ಮುರಿದಿದ್ದರೆ, ನಿಯಮದಡಿ ನೇಮಕವಾದ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಜಿಲ್ಲಾಧಿಕಾರಿ, ಪೊಲೀಸ್ ಆಯುಕ್ತರು ಅಥವಾ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಲ್ಲದ ಅಧಿಕಾರಿ ಈ ಪ್ರಾಧಿಕಾರವಾಗಿರುತ್ತಾರೆ.

ನೆರೆಯವರ ಮುನಿಸಿಗೆ ಹೆದರಿ ಹಲವರು ಸುಮ್ಮನಿರುತ್ತಾರೆ. ಧ್ವನಿವರ್ಧಕ ಬಳಕೆ ಯಾವುದೇ ಧರ್ಮದ ಅತ್ಯಗತ್ಯ ಭಾಗವಲ್ಲ ಎಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ದೂರುದಾರರ ಗುರುತನ್ನು ಪೊಲೀಸರು ಬಯಲು ಮಾಡಬಾರದು ಎಂದೂ ಸೂಚಿಸಿತು. ಮಹಾರಾಷ್ಟ್ರದಲ್ಲಿರುವವರು ಈ ಆದೇಶವನ್ನು ಉಲ್ಲೇಖಿಸಬಹುದು.

ಆರೈಕೆದಾರರಿಗೆ ಸಲಹೆಗಳು

• ರೋಗಿಯ ಹಾಸಿಗೆಯನ್ನು ಬೀದಿಗೆ ದೂರವಾದ ಕೋಣೆಗೆ ಹಾಕಿ, ಬೀದಿ ಕಡೆಯ ಕಿಟಕಿ ಮುಚ್ಚಿ.
• ಮೃದುವಾದ ಇಯರ್‌ಪ್ಲಗ್ ಬಳಸಬಹುದು. ಕಿವಿ ಸೋರುತ್ತಿದ್ದರೆ ಅಥವಾ ತಮಟೆಯಲ್ಲಿ ರಂಧ್ರವಿದ್ದರೆ ವೈದ್ಯರನ್ನು ಕೇಳದೆ ಹಾಕಬೇಡಿ. ಮಗುವಿನ ಕಿವಿಗೆ ಹತ್ತಿ ತುರುಕಬೇಡಿ, ಹೊರಗಿನಿಂದ ಮುಚ್ಚುವ ಇಯರ್‌ಮಫ್ ಬಳಸಿ.
• ಜಾತ್ರೆಯಲ್ಲಿ ಧ್ವನಿವರ್ಧಕ, ಡೋಲುಗಳ ಹತ್ತಿರ ನಿಲ್ಲಬೇಡಿ. 100 ಡೆಸಿಬಲ್ ಶಬ್ದದಲ್ಲಿ ಸುಮಾರು 15 ನಿಮಿಷವೇ ಕಿವಿಗೆ ಮಿತಿ.
• ನಿದ್ದೆ ಬರಲಿಲ್ಲವೆಂದು ನಿದ್ರೆ ಮಾತ್ರೆಯ ಪ್ರಮಾಣವನ್ನು ನೀವೇ ಹೆಚ್ಚಿಸಬೇಡಿ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

ಎದೆನೋವು, ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಕಂಡುಬಂದರೆ ತಕ್ಷಣ 108ಕ್ಕೆ ಕರೆ ಮಾಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಕಿವಿಯಲ್ಲಿ ಗುಂಯ್ ಎನ್ನುವ ಶಬ್ದ ಅಥವಾ ಮಂದ ಕೇಳುವಿಕೆ ಒಂದು ದಿನ ಕಳೆದರೂ ಹೋಗದಿದ್ದರೆ ತಡಮಾಡದೆ ತಪಾಸಣೆ ಮಾಡಿಸಿ.