ರಾಜಪಕ್ಷದ ಅಶ್ವದಳಪತಿ ರೂಪರ್ಟ್

ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ 1642ರಲ್ಲಿ ಯುದ್ಧ ಮೊದಲಾದಾಗ, ರಾಜಪಕ್ಷದ ಅಶ್ವದಳದ ನಾಯಕತ್ವ ದೊರೆತದ್ದು ಇಪ್ಪತ್ತೆರಡರ ತರುಣ ರೂಪರ್ಟನಿಗೆ. ಈತ ಚಾರ್ಲ್ಸನ ಅಕ್ಕನ ಮಗ. 1619ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದವನು. ಮರುವರ್ಷವೇ ತಂದೆ ಬೊಹಿಮಿಯದ ಸಿಂಹಾಸನವನ್ನು ಕಳೆದುಕೊಂಡುದರಿಂದ ಹಾಲೆಂಡಿನ ಆಶ್ರಯದಲ್ಲಿ ಬೆಳೆದನು.

ನಿಂತು ಗುಂಡು ಹಾರಿಸುತ್ತ ಕಾಲ ಕಳೆಯದೆ, ಕತ್ತಿ ಹಿರಿದು ಒಮ್ಮೆಲೆ ಮೇಲೆ ಬೀಳುವುದೇ ಆತನ ಪದ್ಧತಿ. ಆ ವರ್ಷದ ಅಕ್ಟೋಬರ್ 23ರಂದು ಎಜ್‌ಹಿಲ್ಲಿನಲ್ಲಿ ಈ ದಾಳಿಗೆ ಎದುರಿನ ಸವಾರರು ಚದುರಿಹೋದರು. ಆದರೆ ಗೆದ್ದವರು ಓಡುವವರ ಬೆನ್ನಟ್ಟಿ ಸಾಮಾನಿನ ಬಂಡಿಗಳ ಲೂಟಿಗಿಳಿದರು. ಇತ್ತ ದೊರೆಯ ಕಾಲಾಳುಗಳಿಗೆ ಬೆಂಬಲವಿಲ್ಲದಾಯಿತು. ಯುದ್ಧ ನಿರ್ಣಯವಾಗದೆ ಮುಗಿಯಿತು. 1645ರ ಜೂನ್ 14ರಂದು ನೇಸ್‌ಬಿಯಲ್ಲಿ ಅದೇ ಪ್ರಮಾದ ಮರುಕಳಿಸಿತು. ಕ್ರಾಮ್‌ವೆಲ್ಲನ ಸವಾರರಾದರೋ ಗೆದ್ದ ಮೇಲೂ ಶಿಸ್ತು ಬಿಡದೆ, ತಿರುಗಿ ದೊರೆಯ ಕಾಲಾಳುಗಳ ಮೇಲೆ ಬಿದ್ದರು. ರಾಜಪಕ್ಷ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಅದೇ ವರ್ಷ ಬ್ರಿಸ್ಟಲ್ ನಗರವನ್ನು ಶತ್ರುಗಳಿಗೆ ಒಪ್ಪಿಸಿದನೆಂದು ಸೋದರಮಾವನೇ ಅವನನ್ನು ಪದಚ್ಯುತಗೊಳಿಸಿದನು. ಮುಂದೆ ನೌಕಾಪಡೆಗಳನ್ನು ನಡೆಸಿ, 1670ರಲ್ಲಿ ಹಡ್ಸನ್ ಬೇ ಕಂಪನಿಯ ಮೊದಲ ಗವರ್ನರನಾಗಿ, 1682ರಲ್ಲಿ ಲಂಡನ್ನಿನಲ್ಲಿ ನಿಧನನಾದನು.

ದೊರೆಯ ಸೋಲಿಗೆ ಕಾರಣಗಳು ಹಲವು. ಆದರೂ ರೂಪರ್ಟನ ಬಾಳು ಒಂದು ಮಾತನ್ನು ಮನಗಾಣಿಸುತ್ತದೆ: ಕುದುರೆಯನ್ನು ಮುನ್ನುಗ್ಗಿಸಲು ಶೌರ್ಯ ಸಾಕು, ಗೆದ್ದ ಗಳಿಗೆಯಲ್ಲಿ ಲಗಾಮು ಹಿಡಿಯಲು ಸಂಯಮ ಬೇಕು.